ಹಳದಿ ಮೇಣದ ಗುರುತು

ಹಳೆಯದನ್ನು ತಿಕ್ಕಿ ತೊಳೆದು, ಹೊಳಪೇರಿಸಿ, ಅಂಗಳದಲ್ಲಿ ನಿಲ್ಲಿಸಿಕೊಂಡು ಹೆಮ್ಮೆಪಡುವ ನೀವು, ಆ ತಿಕ್ಕಾಟದಲ್ಲಿ ಯಾರ ಕೈಗುರುತು ಅಳಿಸಿಹೋಯಿತೆಂದು ಒಂದು ದಿನವಾದರೂ ವಿಚಾರಿಸಿದ್ದೀರಾ? ಇಲ್ಲವೆಂದು ನನಗೆ ಗೊತ್ತು, ನಾನೂ ವಿಚಾರಿಸಿದವಳಲ್ಲ. ಇಪ್ಪತ್ತೊಂಬತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಪಕ್ಕದವರ ಹಾಳೆ ನೋಡಿ ಬರೆದ ಮಕ್ಕಳಿಗೆ, ಅಕ್ಷರ ಎಷ್ಟೇ ದುಂಡಾಗಿದ್ದರೂ, ಸೊನ್ನೆ ಹಾಕಿದೆ. ಅಂಥವಳ ಕೈಯೇ ನಕಲು ಬರೆದ ಸಂಗತಿ ಇದು.

ನಮ್ಮ ತಂದೆ ಕಾಜಿಮಿರ್ ಬೆಲಾಕ್ ಹ್ಯಾಮ್‌ಟ್ರಾಮಿಕ್ಕಿನ ಮೋಟಾರು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾನೆಟ್ಟು ಕೂರಿಸಿದವರು. ಅಲ್ಲಿಯ ಸಾಲಿನಲ್ಲಿ ಕಾರು ಯಾರಿಗೋಸ್ಕರವೂ ನಿಲ್ಲುತ್ತಿರಲಿಲ್ಲ. ಅದರ ಜೊತೆಗೇ ನಡೆಯುತ್ತ ಕೀಲಿನ ಬೋಲ್ಟುಗಳನ್ನು ಬಿಗಿಯಬೇಕು. ಹೆಬ್ಬೆರಳಿನ ಉಗುರು ತೂರಿಸಿ ಎರಡೂ ಬದಿಯ ಸಂದು ಸಮನಾಗಿದೆಯೇ ಎಂದು ನೋಡಬೇಕು. ಎಂಜಿನ್ನಿನ ಹಿಂದಿರುವ ತಗಡಿನ ಗೋಡೆಯ ಮೇಲೆ ಹಳದಿ ಮೇಣದ ಪೆನ್ಸಿಲಿನಿಂದ ತನ್ನ ಗುರುತು ಗೀಚಬೇಕು. ಅಪ್ಪನ ಗುರುತು ಅಡ್ಡಗೀಟು ಹಾಕಿದ ಏಳು, ಅದರ ಕೆಳಗೊಂದು ಕೊಕ್ಕೆ. ಅಷ್ಟರಲ್ಲಿ ಮುಂದಿನ ಕಾರು ಬಂದಿರುತ್ತಿತ್ತು. ಆ ಕಾರ್ಖಾನೆಯನ್ನು ಕೆಡವಿ ಮೂವತ್ತು ವರ್ಷಗಳ ಮೇಲಾಯಿತು. ಅಪ್ಪ ಅಲ್ಲಿ ದುಡಿದರೆಂಬುದಕ್ಕೆ ಮನೆಯಲ್ಲಿ ಉಳಿದಿದ್ದ ಸಾಕ್ಷಿ ಅವರ ಸೊಟ್ಟಗಾದ ಹೆಬ್ಬೆರಳು ಮಾತ್ರ.

ಹಳೆಯ ಕಾರುಗಳನ್ನು ಬಿಚ್ಚಿ ಮತ್ತೆ ಕಟ್ಟುವುದು ನಮ್ಮ ಮನೆಯವರಿಗೆಲ್ಲ ಅಂಟಿದ ಹುಚ್ಚು. ಭಾನುವಾರ ಚರ್ಚಿನಿಂದ ಬಂದವರು ಒಳ್ಳೆಯ ಬಟ್ಟೆ ಕಳಚಿ ನೇರವಾಗಿ ಗ್ಯಾರೇಜಿಗೆ ನುಗ್ಗುತ್ತೇವೆ. ನನ್ನ ತಮ್ಮ ಲೆನ್ನನಿಗೆ ಎಂಜಿನ್ನು, ಅವನ ಮಗಳು ಡೋರಿಗೆ ಬಾನೆಟ್ಟು ಮತ್ತು ಬಾಗಿಲುಗಳು, ನನಗೆ ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಚೀಟಿ ಅಂಟಿಸಿ ಡಬ್ಬಿಯಲ್ಲಿಡುವ ಕೆಲಸ. ಎಪ್ಪತ್ತೊಂಬತ್ತರ ಅಪ್ಪ ಮಡಚುಕುರ್ಚಿಯಲ್ಲಿ ಕುಳಿತು ಎಲ್ಲರನ್ನೂ ಬೈಯುತ್ತಾರೆ. ಮೂರು ವರ್ಷದ ಹಿಂದೆ ಓಹಾಯೋದ ಒಂದು ಕೊಟ್ಟಿಗೆಯಿಂದ 1970ರ ಡಾಡ್ಜ್ ಚಾಲೆಂಜರ್ ಒಂದನ್ನು ಎಳೆದು ತಂದೆವು. ನೇರಳೆಹಣ್ಣಿನ ಬಣ್ಣ, ಆ ಬಣ್ಣದ ಮೇಲೆ ಬೆರಳು ಗಾತ್ರದ ತುಕ್ಕು. ಅದು ಅಪ್ಪನ ಕಾರ್ಖಾನೆಯಿಂದ ಹೊರಟ ಕಾರು ಎಂಬುದು ತಿಳಿದಿತ್ತು. ಆದರೆ ಬಾನೆಟ್ಟು ಕೂರಿಸುವವರು ಮೂರು ಪಾಳಿಯಲ್ಲಿ ಹತ್ತಾರು ಮಂದಿ ಇದ್ದರು.

ಜನವರಿಯಲ್ಲಿ ಅಪ್ಪ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಮರುವಾರ ಡೋರಿ ಆ ತಗಡಿನ ಗೋಡೆಯ ಮೇಲಿನ ಜಿಡ್ಡನ್ನು ಚಿಂದಿಯಿಂದ ಒರೆಸುತ್ತಿದ್ದಳು. ಒಮ್ಮೆಗೇ ಕೈ ತೆಗೆದು ಹಿಂದೆ ಸರಿದಳು.

"ಅತ್ತೆ, ಇಲ್ಲಿ ಬಂದು ನೋಡು. ನಾನು ಮುಟ್ಟಲ್ಲಪ್ಪ."

ಏಳು. ಅಡ್ಡಗೀಟು. ಕೆಳಗೆ ಕೊಕ್ಕೆ, ಕೊಕ್ಕೆಯ ಬಾಲ, ಬರೆಯುತ್ತಿದ್ದಂತೆಯೇ ಕಾರು ಮುಂದೆ ಸರಿದು ಎಳೆದೊಯ್ದ ಹಾಗೆ, ಒಂದು ಗೇಣು ಹಿಂದಕ್ಕೆ ಹರಿದಿತ್ತು.

ನಾವು ಆಸ್ಪತ್ರೆಗೆ ಫೋನು ಮಾಡಿದೆವು. ಗುರುತಿನ ಸುದ್ದಿ ಕೇಳಿದ ಕೂಡಲೇ ಅಪ್ಪ ಕೇಳಿದರು:

"ಏಳಕ್ಕೆ ಅಡ್ಡಗೀಟು ಇದೆಯೇನೋ?"

"ಇದೆ ಅಪ್ಪ," ಎಂದ ಲೆನ್.

"ಹಂಗಾದ್ರೆ ನಂದೇ. ಏಳಕ್ಕೆ ಹಂಗೆ ಗೀಟು ಹಾಕೋ ಪೋಲೆಂಡಿನೋನು ಆ ಪಾಳೀಲಿ ಬೇರೆ ಇರ್ಲಿಲ್ಲ. ಕೇಳು ಲೆನ್, ನಾ ಬಂದು ನೋಡೋ ತನಕ ಯಾರೂ ಮುಟ್ಕೂಡ್ದು. ನಿನ್ನ ಕೈ ಕಟ್ಕೊಂಡು ಕೂತ್ಕೊ. ಕೂರಕ್ಕೆ ಬರಲ್ಲ ನಿಂಗೆ, ಹುಟ್ಟಿದಾಗಿಂದ ಬರಲ್ಲ. ಆದ್ರೂ ಕೂತ್ಕೊ."

ಅವನು ಕೂರಲಿಲ್ಲ. ಅಪ್ಪನ ಮೂಳೆ ಕೂಡಿ ಮನೆಗೆ ಬರಲು ತಿಂಗಳುಗಳೇ ಹಿಡಿದವು. ಇತ್ತ ಆಗಸ್ಟ್ ಹತ್ತಿರವಾಗುತ್ತಿತ್ತು; ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಕಾರು ಓಡಿಸದೆ ಹೋದರೆ ನಮ್ಮವರಿಗೆ ಆ ವರ್ಷವೇ ಇಲ್ಲದಂತೆ. ಏಪ್ರಿಲಿನಲ್ಲಿ, ಮರಳು ಊದಿ ತುಕ್ಕು ಬಿಡಿಸುವವನು ನಮ್ಮ ಸರದಿ ಬಂತೆಂದು ಹೇಳಿ ಕಳುಹಿಸಿದ. ತಪ್ಪಿದರೆ ಮುಂದಿನ ಸರದಿ ಅಕ್ಟೋಬರಿಗೆ.

ಲೆನ್ ಗ್ಯಾರೇಜಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ. ಪಾನಾ ಎತ್ತಿದ, ಇಟ್ಟ, ಮತ್ತೆ ಎತ್ತಿದ.

"ಫೋಟೋ ತೆಗ್ದಿದೀವಿ, ಅಳತೆ ತೊಗೊಂಡಿದೀವಿ. ಎಲ್ಲರೂ ಹಿಂಗೇ ಮಾಡೋದು ಅಕ್ಕ. ತೆಗೀತಾರೆ, ಊದ್ತಾರೆ, ಬಣ್ಣ ಹೊಡೀತಾರೆ, ಅದೇ ಪೆನ್ಸಿಲಲ್ಲಿ ಅಲ್ಲೇ ಬರೀತಾರೆ. ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರಿ."

"ಜಾಜಾ ಬೇಡ ಅಂದಿದಾರೆ," ಎಂದಳು ಡೋರಿ. ನಮ್ಮಲ್ಲಿ ಅಜ್ಜನನ್ನು ಹಾಗೆಯೇ ಕರೆಯುತ್ತಾರೆ.

"ಜಾಜಾಗೆ ಗೊತ್ತಾಗಲ್ಲ."

ಅವನ ಮಾತು ಸುಳ್ಳಲ್ಲ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಕಾರ್ಖಾನೆಯ ಕೆಲಸಗಾರ ಅವಸರದಲ್ಲಿ ಬೀಳಿಸಿದ ಬಣ್ಣದ ಹನಿಯನ್ನು ನಮ್ಮವರು ಅಳತೆಪಟ್ಟಿ ಹಿಡಿದು ಮತ್ತೆ ಬೀಳಿಸುತ್ತಾರೆ. ಅದನ್ನೇ ಶ್ರದ್ಧೆ ಎನ್ನುತ್ತಾರೆ. ಆ ಹನಿಯನ್ನು ಬೀಳಿಸಿದವನು ಎದುರಿಗೇ ಜೀವಂತ ಕುಳಿತಿದ್ದರೆ ಏನು ಮಾಡಬೇಕೆಂಬ ನಿಯಮ ಯಾರಲ್ಲಿಯೂ ಇಲ್ಲ. ನಾನು ಬೇಡವೆನ್ನಬಹುದಾಗಿತ್ತು. ಎನ್ನಲಿಲ್ಲ. ಜೂನಿನಲ್ಲಿ ಹೊಸ ನೇರಳೆ ಬಣ್ಣ ಒಣಗಿದ ಮೇಲೆ ಸ್ಟೂಲು ಹಾಕಿಕೊಂಡು ಕುಳಿತು, ಉಸಿರು ಬಿಗಿಹಿಡಿದು, ಏಳನ್ನೂ ಗೀಟನ್ನೂ ಕೊಕ್ಕೆಯನ್ನೂ ಗೇಣುದ್ದದ ಬಾಲವನ್ನೂ ಬರೆದೆ. ಚೆನ್ನಾಗಿಯೇ ಬಂತು. ಅದಕ್ಕಾಗಿ ಸಂತೋಷವನ್ನೂ ಪಟ್ಟೆ. ಈ ಮಾತನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಜುಲೈ ಕೊನೆಗೆ ಅಪ್ಪ ಊರುಗೋಲು ಹಿಡಿದು ಮನೆಗೆ ಬಂದರು. ಮನೆಯೊಳಕ್ಕೂ ಹೋಗದೆ ಗ್ಯಾರೇಜಿಗೆ ನಡೆದರು. ಕನ್ನಡಕ ಏರಿಸಿ, ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದರು. ಬೆರಳನ್ನು ಗುರುತಿನ ಸಮೀಪಕ್ಕೆ ಒಯ್ದು ಮುಟ್ಟದೆ ಹಿಂದಕ್ಕೆ ತೆಗೆದರು.

"ಸುತ್ತಾ ಬಣ್ಣ ಹೊಸದಾಗಿದೆಯಲ್ಲೋ?"

"ಗುರುತನ್ನ ಮುಚ್ಚಿಟ್ಟು ಸುತ್ತಲೂ ಹೊಡೆದ್ವಿ ಅಪ್ಪ," ಎಂದ ಲೆನ್. ಡೋರಿ ನನ್ನ ಮುಖ ನೋಡಿದಳು. ನಾನು ಬೋಲ್ಟಿನ ಡಬ್ಬಿಗಳನ್ನು ನೋಡಿದೆ.

"ಜಾಣ," ಎಂದರು ಅಪ್ಪ. ಅವರು ಮಗನನ್ನು ಜಾಣ ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಮೇಲೆ ನಮ್ಮ ಮನೆಗೆ ನೆಮ್ಮದಿಯಿರಲಿಲ್ಲ. ಅಪ್ಪ ದಿನಕ್ಕೆ ನಾಲ್ಕು ಬಾರಿ ಗ್ಯಾರೇಜಿಗೆ ಹೋಗಿ ಬಾನೆಟ್ಟು ಎತ್ತಿಸುತ್ತಿದ್ದರು. ಪಕ್ಕದ ಬೀದಿಯ ಹಳೆಯ ಸಂಗಾತಿಗಳನ್ನು ಕರೆತಂದು ತೋರಿಸುತ್ತಿದ್ದರು. "ಇಲ್ಲಿ ನೋಡ್ರೋ, ಕಾರ್ಖಾನೆ ಹೋಯ್ತು, ಇದು ಹೋಗ್ಲಿಲ್ಲ," ಎನ್ನುತ್ತಿದ್ದರು. ಲೆನ್ ಊಟಕ್ಕೆ ಕುಳಿತರೆ ಅರ್ಧಕ್ಕೆ ಏಳುತ್ತಿದ್ದ. ಡೋರಿ ಬಾನೆಟ್ಟಿನ ಬೋಲ್ಟುಗಳನ್ನು ಅಗತ್ಯವಿಲ್ಲದಿದ್ದರೂ ಸಡಿಲಿಸಿ ಬಿಗಿಯುತ್ತಿದ್ದಳು. ಇವತ್ತು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ನಾನು ಮೂರು ವಾರ ಕಳೆದೆ. ತಪ್ಪೊಪ್ಪಿಕೊಳ್ಳುವುದನ್ನು ಮುಂದೂಡುವ ಮಕ್ಕಳಿಗೆ ನಾನೇ ಹೇಳುತ್ತಿದ್ದ ಬುದ್ಧಿಮಾತುಗಳೆಲ್ಲ ಬಾಯಿಪಾಠವಾಗಿದ್ದವು, ಉಪಯೋಗಕ್ಕೆ ಬರಲಿಲ್ಲ.

ಆ ಶನಿವಾರ ವುಡ್‌ವರ್ಡಿಗೆ ಹೋಗುವ ಮೊದಲು, ಬೆಳಿಗ್ಗೆ, ಒಂದು ಚರ್ಚಿನ ಅಂಗಳದಲ್ಲಿ ಪ್ರದರ್ಶನವಿತ್ತು. ಸಾಸೇಜು ಸುಡುವ ಹೊಗೆ, ಸಾಲು ಸಾಲಾಗಿ ಬಾಯ್ದೆರೆದ ಬಾನೆಟ್ಟುಗಳು. ಪ್ರೂಯಿಟ್ ಎಂಬ ತೀರ್ಪುಗಾರರು ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು ನಮ್ಮ ಕಾರಿಗೆ ಬಂದರು. ಕನ್ನಡಿ ಹಿಡಿದು ಅಡಿಭಾಗ ನೋಡಿದರು, ಬ್ಯಾಟರಿ ನೋಡಿದರು, ಕೊನೆಗೆ ಆ ಗುರುತಿಗೆ ಬಂದರು.

"ಕಾರ್ಖಾನೆ ಗುರುತು. ಮೂಲದ್ದೋ, ಆಮೇಲೆ ಬರೆದದ್ದೋ?"

ಲೆನ್ ಅಪ್ಪನ ಕಡೆ ನೋಡಿದ. ಅಪ್ಪ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದರು.

"ಮೂಲದ್ದೇ," ಎಂದ ಲೆನ್. "ಬರೆದೋರು ಇವರೇ. ನಮ್ಮಪ್ಪ."

ಪ್ರೂಯಿಟ್ ಟೋಪಿ ತೆಗೆದರು. ಅಪ್ಪನ ಕೈ ಕುಲುಕಲು ಮುಂದಾದರು. ಅಪ್ಪ ಊರುಗೋಲನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಚಾಚಿದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅದನ್ನ ಬರೆದದ್ದು ನಾನು," ಎಂದೆ. "ಜೂನಿನಲ್ಲಿ. ಮೂಲದ್ದನ್ನ ಮರಳು ಊದಿಸಿ ತೆಗೆದುಹಾಕಿದ್ವಿ. ಫೋಟೋ ನೋಡಿ ನಕಲು ಮಾಡಿದೆ."

ಪ್ರೂಯಿಟ್ ಮುಜುಗರದಿಂದ ಕೆಮ್ಮಿದರು. "ಪರವಾಗಿಲ್ಲ ಮೇಡಂ. ಎರಡಕ್ಕೂ ಅಂಕ ಒಂದೇ. ಸರಿಯಾದ ಜಾಗದಲ್ಲಿ ಸರಿಯಾಗಿದ್ರೆ ಆಯ್ತು. ಕೈ ಚೆನ್ನಾಗಿದೆ ನಿಮ್ದು." ಪೂರ್ತಿ ಅಂಕ ಬರೆದು ಪಕ್ಕದ ಕಾರಿಗೆ ಹೋದರು.

ಎರಡಕ್ಕೂ ಅಂಕ ಒಂದೇ. ನನ್ನ ತರಗತಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೊನ್ನೆ ಪಡೆದ ಮಕ್ಕಳೆಲ್ಲ ನನ್ನ ಕಣ್ಣೆದುರು ನಿಂತರು.

ಅಪ್ಪ ಚಾಚಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

"ಮುಚ್ಚಿಟ್ಟು ಸುತ್ತಲೂ ಹೊಡೆದ್ವಿ ಅಂದೆಯಲ್ಲೋ."

"ಸರದಿ ತಪ್ತಿತ್ತು ಅಪ್ಪ. ಆಗಸ್ಟ್‌ಗೆ ನಿನ್ನನ್ನ ಕೂರಿಸ್ಕೊಂಡು ಹೋಗ್ಬೇಕಿತ್ತು. ಫೋಟೋ ಇದೆ, ನೋಡು." ಲೆನ್ ಫೋನು ಚಾಚಿದ.

ಅಪ್ಪ ನೋಡಿದರು. ಬಿಸಿಲಿಗೆ ಪರದೆಯ ಮೇಲೆ ಅವರ ಮುಖವೇ ಕಂಡಿರಬೇಕು. ಫೋನನ್ನು ಹಿಂದಕ್ಕೆ ಕೊಟ್ಟು, ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದರು. ಬಗ್ಗಿ, ಸೊಂಟ ಹಿಡಿದುಕೊಂಡು, ನಾನು ಬರೆದದ್ದನ್ನು ಒರೆಸಿದರು. ಬಾಲದಿಂದ ಶುರುಮಾಡಿ ಏಳರವರೆಗೆ. ಬಿಳಿಯ ಕರವಸ್ತ್ರ ಹಳದಿಯಾಯಿತು.

"ಅಪ್ಪ, ಪೆನ್ಸಿಲ್ ಇದೆ," ಎಂದ ಲೆನ್. "ನೀನೇ ಬರಿ. ಆಗ ನಿಜವಾದ್ದೇ ಆಗತ್ತೆ."

"ಏನಂತ ಬರೀಲಿ? ಈ ಬಾನೆಟ್ ನಾ ಕೂರಿಸಿದ್ದೇನೋ?" ಅಪ್ಪ ಅವನತ್ತ ತಿರುಗಲಿಲ್ಲ. "ಆ ಗುರುತು ಹಾಕ್ತಿದ್ದದ್ದು ಚೆಂದಕ್ಕಲ್ಲ. ಬಾನೆಟ್ ಹಾರಿಹೋದ್ರೆ ಯಾರ ಕುತ್ತಿಗೆ ಹಿಡೀಬೇಕು ಅಂತ ಗೊತ್ತಾಗಕ್ಕೆ. ಇಪ್ಪತ್ತೆರಡು ವರ್ಷ ನನ್ನ ಕುತ್ತಿಗೆ ಯಾರೂ ಹಿಡೀಲಿಲ್ಲ. ಅದಕ್ಕೇ ಆ ಗುರುತನ್ನ ನೋಡ್ಬೇಕು ಅಂತಿದ್ದೆ. ಅಷ್ಟೇ." ಆಮೇಲೆ ಕೇಳಿದರು: "ಇದನ್ನ ಕೂರಿಸಿದ್ದು ಯಾರು?"

"ನಾನು, ಜಾಜಾ," ಎಂದಳು ಡೋರಿ.

"ಮುಚ್ಚು."

ಅವಳು ಬಾನೆಟ್ಟು ಮುಚ್ಚಿದಳು. ಅಪ್ಪ ಸೊಟ್ಟ ಹೆಬ್ಬೆರಳಿನ ಉಗುರನ್ನು ಸಂದಿಗೆ ತೂರಿಸಿ, ಉದ್ದಕ್ಕೂ ನಡೆದರು. ಎಡಬದಿಯ ಮೂಲೆಯಲ್ಲಿ ನಿಂತರು.

"ಇಲ್ಲಿ ಸಂದು ಬಿಗಿಯಾಗಿದೆ. ಕೀಲನ್ನ ಕೂದಲೆಳೆ ಹಿಂದಕ್ಕೆ ತೊಗೊ."

ಡೋರಿ ಪಾನಾ ತಂದು, ಎರಡು ಬೋಲ್ಟು ಸಡಿಲಿಸಿ, ಸರಿಸಿ, ಬಿಗಿದಳು. ಮತ್ತೆ ಉಗುರು ಓಡಿತು. ಈ ಸಲ ಎಲ್ಲಿಯೂ ನಿಲ್ಲಲಿಲ್ಲ.

"ಬರಿ ಈಗ."

"ಏನು ಬರೀಲಿ? ನಿಮ್ಮ ಏಳಾ?"

"ನನ್ನ ಏಳು ಮರಳಲ್ಲಿ ಹೋಯ್ತು. ನಿಂದು ಬರಿ. ಇವತ್ತು ವುಡ್‌ವರ್ಡ್ ಮೇಲೆ ಇದು ಹಾರಿ ನನ್ನ ಮೂತಿಗೆ ಬಡಿದ್ರೆ ಯಾರ ಕಿವಿ ಹಿಂಡ್ಬೇಕು ಅಂತ ಗೊತ್ತಾಗ್ಬೇಕು. ನಿಂತ ಕಾರಿನ ಮೇಲೆ ಬರೀಬೇಡ, ಅದು ನಿಮ್ಮತ್ತೆ ಕೆಲಸ. ಲೆನ್, ಕಾರು ತಳ್ಳು."

ಲೆನ್ ಮತ್ತು ನಾನು ಹಿಂದಿನಿಂದ ತಳ್ಳಿದೆವು. ಅಪ್ಪ ಚಾಲಕನ ಸೀಟಿನಲ್ಲಿ ಕುಳಿತು ಚಕ್ರ ಹಿಡಿದರು. ಬಾಯ್ದೆರೆದ ಬಾನೆಟ್ಟಿನ ಪಕ್ಕದಲ್ಲಿ ಓರೆಯಾಗಿ ಹೆಜ್ಜೆ ಹಾಕುತ್ತ ಡೋರಿ ಗೀಚಿದಳು: ಒಂದು ಸಣ್ಣ ವೃತ್ತ, ಒಳಗೆ ಚುಕ್ಕೆ. ಕಾರು ಸರಿಯಿತು, ವೃತ್ತ ಒಂದು ಕಡೆ ಬಾಯಿ ಬಿಟ್ಟುಕೊಂಡಿತು. ಕುರೂಪವಾಗಿತ್ತು. ಅಪ್ಪ ಇಳಿದು ಬಂದು ನೋಡಿ, ಸರಿಯೆಂದು ತಲೆಯಾಡಿಸಿ, ಹೋಗಿ ಪಕ್ಕದ ಸೀಟಿನಲ್ಲಿ ಕುಳಿತರು. ನಾನು ಪ್ರೂಯಿಟ್ ಅವರನ್ನು ಹುಡುಕಿಕೊಂಡು ಹೋಗಿ, ಗುರುತು ಈಗ ಕಾರ್ಖಾನೆಯದ್ದಲ್ಲ, ಅಂಕ ಹೊಡೆದುಹಾಕಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಹೊಡೆದುಹಾಕಿದರು.

ಇದರಿಂದ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಆ ದಿನ ವುಡ್‌ವರ್ಡಿನ ಉದ್ದಕ್ಕೂ, ರಸ್ತೆಯ ಎರಡೂ ಬದಿ ಕುರ್ಚಿ ಹಾಕಿ ಕುಳಿತ ಜನ ಕೈಬೀಸುತ್ತಿದ್ದಾಗ, ಅಪ್ಪ ಲೆನ್ನನ ಪಕ್ಕದಲ್ಲಿದ್ದೂ ಅವನೊಡನೆ ಒಂದು ಮಾತೂ ಆಡಲಿಲ್ಲ. ಕೆಂಪು ದೀಪಕ್ಕೆ ನಿಂತಾಗಲೆಲ್ಲ ಎಂಜಿನ್ನು ಗುಡುಗುಟ್ಟಿ ಬಾನೆಟ್ಟು ನಡುಗುತ್ತಿತ್ತು. ಅಪ್ಪ ಮುಂದಕ್ಕೆ ಬಗ್ಗಿ ಎಡಮೂಲೆಯನ್ನೇ ನೋಡುತ್ತಿದ್ದರು. ನಡುವೆ ಒಮ್ಮೆ ಮಾತ್ರ ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು.

"ನಾ ಗೀಚಿದ್ದರ ಬಾಲ ಎಷ್ಟುದ್ದ ಇತ್ತೇ?"

"ಒಂದು ಗೇಣು, ಅಪ್ಪ."

"ಸೋಮವಾರ ಇರ್ಬೇಕು," ಎಂದರು. "ಸೋಮವಾರ ಸಾಲನ್ನ ಜೋರಾಗಿ ಓಡಿಸ್ತಿದ್ರು." ಆಮೇಲೆ ಮತ್ತೆ ಬಾನೆಟ್ಟಿನತ್ತ ತಿರುಗಿದರು.

ಅಪ್ಪ ಏಪ್ರಿಲಿಗೆ ಮೊದಲು ಆ ಗುರುತನ್ನು ನೋಡಿದ್ದರೆ ಇನ್ನೆಷ್ಟು ಸೋಮವಾರಗಳನ್ನು ಹೇಳುತ್ತಿದ್ದರೋ. ಅದನ್ನು ನಾವು ಮರಳಿನೊಂದಿಗೆ ಊದಿಬಿಟ್ಟೆವು. ನಿಮ್ಮ ಗ್ಯಾರೇಜಿನಲ್ಲಿಯೂ ಒಂದು ಹಳೆಯ ತಗಡಿದ್ದರೆ, ಅದಕ್ಕೆ ದುಡಿದ ಕೈ ಇನ್ನೂ ಬದುಕಿದ್ದರೆ, ದಯವಿಟ್ಟು ಕೈಯಲ್ಲಿರುವ ಚಿಂದಿಯನ್ನು ಕೆಳಗಿಡಿ. ಸರದಿ ತಪ್ಪಿದರೆ ತಪ್ಪಲಿ. ಅವರನ್ನು ಕೈಹಿಡಿದು ಕರೆತನ್ನಿ, ದೀಪ ಹತ್ತಿರ ಹಿಡಿಯಿರಿ, ಅವರೇ ಮೊದಲು ನೋಡಲಿ. ಈಗಾಗಲೇ ಅಳಿಸಿಬಿಟ್ಟಿದ್ದೀರಾದರೆ, ಇವತ್ತೇ ಹೋಗಿ ಹೇಳಿಬಿಡಿ.