ಆರನೆಯ ಪದರ

ನೀಲಿ, ಇದು ನೀಲಿಯೇ, ಕಣ್ಣುಜ್ಜಿಕೊಂಡು ನೋಡಿದರೂ ನೀಲಿ, ಧೂಳಿರಬಹುದೆಂದು ಸ್ಲೈಡನ್ನು ಕೋಟಿನ ಅಂಚಿಗೆ ಒರೆಸಿ ಮೈಕ್ರೋಸ್ಕೋಪಿನಡಿ ಮತ್ತೆ ಇಟ್ಟೆ, ಉಂಗುರದ ಹಾಗೆ ಸುತ್ತ ಕೂತ ಏಳೆಂಟು ಕೋಶಗಳು, ನಡುವೆ ಬಾವಿ, ಬಾವಿಯೊಳಗೆ ಒಂದು ಹನಿ ಲೋಳೆ, ಲೋಳೆಗೆಂದೇ ಹಾಕುವ ಬಣ್ಣ ಹಿಡಿದು ನೀಲಿಯಾದದ್ದು — ಲಿವರ್ ಕೋಶದ ಕ್ಯಾನ್ಸರ್ ಉಂಗುರ ಕಟ್ಟಬಹುದು, ವೇಷ ಹಾಕಬಹುದು, ಲೋಳೆ ಸುರಿಸಲಾರದು, ಅದು ಪಿತ್ತನಾಳದ ಕೋಶಗಳ ಕಸುಬು, ಅಂದರೆ ಒಂದೇ ಗಡ್ಡೆಯಲ್ಲಿ ಎರಡೂ ಇವೆ, ಅಂದರೆ ಮಿಶ್ರ ಜಾತಿ, ಅಂದರೆ ಭಾವನಿಗೆ — ಬೇಡ, ಇನ್ನೊಮ್ಮೆ ನೋಡೋಣ. ಭಾವನ ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಚೂರಿನ ಮೊದಲ ಐದು ಪದರಗಳಲ್ಲಿ ಇದು ಇರಲಿಲ್ಲ, ದೊಡ್ಡ ಡಾಕ್ಟರು ಅವನ್ನು ನೋಡಿ ಬರೀ ಲಿವರ್ ಕೋಶದ್ದು ಎಂದು ಬರೆದು ಸಹಿ ಹಾಕಿ ಹತ್ತು ದಿನವಾಯಿತು, ಆ ಸಹಿಯ ಮೇಲೆಯೇ ಮಂಗಳವಾರ ಕಸಿ ಎಂದು ನಿಶ್ಚಯವಾಗಿದೆ, ಅಕ್ಕನ ಲಿವರಿನಲ್ಲಿ ಅರ್ಧ ಭಾವನಿಗೆ. ಮಿಶ್ರ ಜಾತಿಗೆ ನಮ್ಮ ಆಸ್ಪತ್ರೆಯಲ್ಲಿ ಕಸಿ ಮಾಡುವುದಿಲ್ಲ, ಹೊಸ ಲಿವರಿಗೂ ಬೇಗ ಮರಳಿ ಬರುತ್ತದೆ ಎಂದು. ಆರನೆಯದನ್ನು ಕೊಯ್ಯಿಸು ಎಂದು ನನಗೆ ಯಾರು ಹೇಳಿದ್ದರು, ಯಾರೂ ಇಲ್ಲ, ಅನುಮಾನವೂ ಇರಲಿಲ್ಲ, ಇನ್ನೊಂದೂ ಶುದ್ಧವಾಗಿದ್ದರೆ ಅಕ್ಕನ ಮುಖ ನೋಡುವಾಗ ಎದೆ ಹಗುರಾಗಿರುತ್ತದೆ ಎಂದಷ್ಟೇ, ನೆಮ್ಮದಿಗೆ ಹೋಗಿ ಗಾಯ ಕೆದಕಿಕೊಂಡೆ. ಆ ಚೂರನ್ನು ಹುದುಗಿಸಿಟ್ಟ ಮೇಣದ ಅಚ್ಚನ್ನು ಬೆಳಕಿಗೆ ಹಿಡಿದು ಟೆಕ್ನಿಷಿಯನ್ ಅಣ್ಣ ನಕ್ಕಿದ್ದ, ಡಾಕ್ಟ್ರೇ, ಇದರಲ್ಲಿ ಇನ್ನು ಮಾಂಸ ಇರೋದು ಉಗುರಿನ ಅಂಚಿನಷ್ಟು, ಇದೊಂದು ಕೊಯ್ದ್ರೆ ಆಮೇಲೆ ಬರೀ ಮೇಣ, ಮೇಣಬತ್ತಿ ಮಾಡಿ ಹಚ್ಚಿಟ್ಕೋಬೇಕು ಅಷ್ಟೇ. ಕೊಯ್ಯಿ ಅಣ್ಣ ಎಂದೆ. ಈಗ ಇದೊಂದೇ ಉಳಿದಿದೆ, ಈ ಉಂಗುರವನ್ನು ಕಂಡವಳು ನಾನೊಬ್ಬಳೇ.

ಇದೆಲ್ಲಿಂದ ಬಂತಮ್ಮಾ, ಒಂದು ದಿನವೂ ಕುಡಿದವನಲ್ಲ ನಾನು, ಎಂದು ಮೊನ್ನೆ ಮನೆಯಲ್ಲಿ ಭಾವ ಕೇಳಿದಾಗ ನಾನು ಕಿಟಕಿಯ ಕಡೆ ನೋಡಿದೆ, ಈಗಾದರೂ ಏನು ಹೇಳಲಿ, ಪಿತ್ತನಾಳಗಳ ತುದಿಯ ಸಣ್ಣ ಕಾಲುವೆಗಳಲ್ಲಿ ಇನ್ನೂ ಏನೂ ಆಗದ ಕೋಶಗಳಿವೆಯಂತೆ, ಅವು ಲಿವರಿನ ಕಡೆಗೂ ಹೋಗಬಲ್ಲವು, ನಾಳದ ಕಡೆಗೂ ಹೋಗಬಲ್ಲವು, ಕೆಟ್ಟರೆ ಎರಡೂ ಕಡೆ ಕೆಡುತ್ತವೆ ಎನ್ನುವವರು ಕೆಲವರು, ಇಲ್ಲ, ಬೆಳೆದು ನಿಂತ ಲಿವರ್ ಕೋಶವೇ ದಾರಿ ಬದಲಿಸುತ್ತದೆ ಎನ್ನುವವರು ಕೆಲವರು, ಗಡ್ಡೆಗಳ ಜಾತಿ ಹೇಳುವ ಪುಸ್ತಕದಲ್ಲಿ ಈ ಮಿಶ್ರಕ್ಕೆ ಒಳಜಾತಿಗಳನ್ನು ಸೇರಿಸಿದರು, ಆಮೇಲೆ ತೆಗೆದುಹಾಕಿದರು, ಬಣ್ಣವೊಂದನ್ನೇ ನಂಬಬೇಡಿ ಆಕಾರ ನೋಡಿ ಎಂದರು, ಆ ಮಾತಿಗೇ ಜೋತುಬಿದ್ದು ಬೆಳಗಿನಿಂದ ಆಕಾರ ನೋಡುತ್ತಿದ್ದೇನೆ, ಆಕಾರವೂ ಅದನ್ನೇ ಹೇಳುತ್ತದೆ. ಹೋಗಲಿ ಬಿಡು ಎಂದು ಭಾವನೇ ಮಾತು ಬದಲಿಸಿದ, ಲಿಫ್ಟ್ ರಿಪೇರಿಯವನು, ಮೂವತ್ತು ವರ್ಷ ಜನರನ್ನೆಲ್ಲ ಮೇಲಕ್ಕೆ ಕಳಿಸಿದ್ದೀನಿ, ಈಗ ನನ್ನ ಸರದಿ ಅಂದ್ರೆ ನಿಮ್ಮಕ್ಕ ಬಟನ್ ಒತ್ತೋಕೇ ಬಿಡ್ತಿಲ್ಲ ನೋಡು. ನಗುವಾಗ ಅವನ ಕಣ್ಣಿನ ಬಿಳಿಯೆಲ್ಲ ಹಳದಿ. ಅಕ್ಕ ನಗಲಿಲ್ಲ, ಹೊಲಿಗೆ ಯಂತ್ರದ ಮುಂದೆ ಯಾರದೋ ರವಿಕೆಗೆ ತೋಳು ಜೋಡಿಸುತ್ತಿದ್ದಳು, ನಿನಗೇನಾದರೂ ಆದರೆ ಎಂದೆ ನಾನು, ಮೆಲ್ಲಗೆ, ಅವಳು ದಾರ ಹಲ್ಲಿನಲ್ಲಿ ಕಡಿದು, ನನ್ನ ಹೊಟ್ಟೆ, ನನ್ನ ಗಂಡ, ನಿಂದೇನೇ ನಡುವೆ ಎಂದಳು, ಎದ್ದು ಕನ್ನಡಿಯ ಮುಂದೆ ನಿಂತಳು, ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದುಕೊಂಡು ಉಸಿರು ಒಳಗೆಳೆದು ಕಂದು ನೈಟಿಯ ಮೇಲೆ ಪಕ್ಕೆಲುಬಿನ ಕೆಳಗೆ ಗೆರೆ ಎಳೆದಳು, ಬಿಳಿ ಗೆರೆ, ಒಂಚೂರೂ ಸೊಟ್ಟಗಾಗದೆ, ಇಲ್ಲಿಂದ ಇಲ್ಲೀವರೆಗೆ ಅಲ್ವಾ ಕೊಯ್ಯೋದು, ಸರಿಯಾಗಿದೆಯಾ ಹೇಳು, ಡಾಕ್ಟ್ರಮ್ಮ ಅಲ್ವಾ ನೀನು. ಸರಿಯಾಗಿದೆ ಎಂದೆ.

ಸುಮ್ಮನಿದ್ದರೆ ಮಂಗಳವಾರ ಅವಳು ಆ ಗೆರೆಯ ಉದ್ದಕ್ಕೂ ಕೊಯ್ಸಿಕೊಳ್ಳುತ್ತಾಳೆ, ಒಂದು ವರ್ಷವೋ ಒಂದೂವರೆಯೋ, ಆಮೇಲೆ ಅವನಿಲ್ಲ, ಅವಳ ಅರ್ಧವೂ ಅವನ ಜೊತೆ ಹೋಗಿರುತ್ತದೆ — ಹೇಳಿದರೂ ಅವನಿಲ್ಲ, ಇನ್ನೂ ಬೇಗ ಇಲ್ಲ, ಅವಳು ಇಡಿಯಾಗಿ ಉಳಿಯುತ್ತಾಳೆ, ಮತ್ತೆ ಅವಳನ್ನು ಅಕ್ಕ ಎಂದು ಕರೆಯಲು ಮಾತ್ರ ನನ್ನನ್ನು ಬಿಡುವುದಿಲ್ಲ, ಬಾಗಿಲು ಹಾಕಿದವಳು ನೀನೇ ಎನ್ನುತ್ತಾಳೆ, ಮರಳುತ್ತದೆ ಎಂದು ಪುಸ್ತಕ ಹೇಳುವುದು ನೂರು ಜನರ ಲೆಕ್ಕದಲ್ಲಿ, ನನ್ನ ಗಂಡ ಒಬ್ಬನೇ ಅಲ್ವೇನೇ ಎನ್ನುತ್ತಾಳೆ. ಸ್ಲೈಡು ಕೋಟಿನ ಜೇಬಿನಲ್ಲಿದೆ, ಯಾವಾಗ ಹಾಕಿಕೊಂಡೆ, ಕಾರಿಡಾರಿನಲ್ಲಿದ್ದೇನೆ, ನೆಲ ಒರೆಸಿದ ಫಿನಾಯಿಲಿನ ವಾಸನೆ, ಜೇಬಿನೊಳಗೆ ಬೆರಳು ಗಾಜಿನ ಅಂಚಿನ ಮೇಲೆ, ಒತ್ತಿದರೆ ಮುರಿಯುತ್ತದೆ, ತುಂಬ ಒತ್ತಬೇಕಾಗಿಯೂ ಇಲ್ಲ, ಬಾಗಿಲು ತಟ್ಟಿಬಿಟ್ಟೆ. ದೊಡ್ಡ ಡಾಕ್ಟರು ನೋಡಿದರು, ತುಂಬ ಹೊತ್ತು ನೋಡಿದರು, ಚಹಾ ತಣ್ಣಗಾಗಿ ಕೆನೆ ಕಟ್ಟಿತು, ಯಾರು ಹೇಳಿದ್ದು ಇದನ್ನ ಕೊಯ್ಯೋಕೆ, ನಾನೇ ಸರ್, ಪೇಷೆಂಟು ನಿಮಗೇನಾಗಬೇಕು, ಭಾವ, ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಕೈ ಫೋನಿನ ಕಡೆಗೆ ಹೋಯಿತು, ಮಂಗಳವಾರದ್ದು ನಿಲ್ಸಿ, ಹೌದು, ಇಬ್ಬರದೂ. ಇಬ್ಬರದೂ. ನೀವು ಮನೆಗೆ ಹೋಗಿ ಎಂದರು, ಹೋಗುತ್ತೇನೆ ಸರ್, ಮೆಟ್ಟಿಲು, ಬೀದಿ, ಬಸ್ಸು, ಅವಳ ಬಾಗಿಲು, ಬಾಗಿಲು ತೆರೆಯುತ್ತಾಳೆ, ಯಂತ್ರ ನಿಲ್ಲಿಸಿ ಬಂದಿರುತ್ತಾಳೆ, ಭುಜದ ಮೇಲೆ ಅಳತೆಯ ಟೇಪು, ಏನೇ ಇಷ್ಟು ಬೇಗ ಎನ್ನುತ್ತಾಳೆ, ನಾನು ಅವಳ ಮುಖ ನೋಡಬೇಕು, ನೋಡಲಾರೆ, ಕೆಳಗೆ ನೋಡುತ್ತೇನೆ, ಅದೇ ಕಂದು ನೈಟಿ, ಒಗೆದಿಲ್ಲ, ಕೊಡವಿಯೂ ಇಲ್ಲ, ಪಕ್ಕೆಲುಬಿನ ಕೆಳಗೆ, ಇಲ್ಲಿಂದ ಇಲ್ಲೀವರೆಗೆ, ಬಿಳಿ ಗೆರೆ, ಉಸಿರಾಡಿದಾಗ ಏಳುತ್ತದೆ, ಇಳಿಯುತ್ತದೆ, ಆ ಗೆರೆ, ಬಿಳಿ, ಗೆರೆ