ಗೋಡೆಯ ಮೇಲಿನ ಪೋಷಕ ನಟ

ಬೆಕ್ಕಿಗೆ ಪ್ರಾಣಸಂಕಟ, ಇಲಿಗೆ ಚೆಲ್ಲಾಟ. ಗಾದೆ ತಲೆಕೆಳಗಾಯಿತು ಎನ್ನುವವರು ಆ ಭಾನುವಾರ ಕುಂಜತ್ತೂರಿನ ವಾಚನಾಲಯದಲ್ಲಿ ಇರಲಿಲ್ಲ ಎಂದೇ ಅರ್ಥ. ಇದು ನಡೆದದ್ದು ನಡೆದ ಹಾಗೆ.

ವಯರಿಂಗ್ ಕೆಲಸದ ಕ್ಲೆಟಸ್ ತನ್ನ ಮದುವೆಯ ಕೋಟು ತೊಟ್ಟು ಬಂದಿದ್ದ. ಗುಂಡಿ ಹಾಕಲು ಹೊಟ್ಟೆ ಬಿಟ್ಟಿರಲಿಲ್ಲ. ಹಿಂದೆ ಹೆಂಡತಿ ಶಾಲೆಟ್, ಕೈಯಲ್ಲೊಂದು ಖಾಲಿ ಫೋಟೊ ಫ್ರೇಮ್.

"ಟೀವಿಯವರು ಬರ್ಲಿಲ್ವಾ?" ಎಂದು ಅವನು ಗ್ರಂಥಪಾಲಕಿ ಕ್ಷಮಾಳನ್ನು ಕೇಳಿದ.

"ಯಾವ ಟೀವಿಯವರು ಕ್ಲೆಟಸಣ್ಣ?"

"ಚಾನೆಲ್‌ನಿಂದ ಫೋನ್ ಬಂದಿತ್ತಲ್ಲ. ನಂಗೆ ಪೋಷಕ ನಟ ಪ್ರಶಸ್ತಿ ಉಂಟಂತೆ. ಇಲ್ಲೇ ಕೊಡುದಂತೆ. ಫ್ರೇಮ್ ತರ್ಲಿಕ್ಕೆ ಹೇಳಿದ್ದಾರೆ."

ಹಿಂದಿನ ಬೆಂಚಿನಲ್ಲಿ ಬೇಕರಿಯ ಆಲ್ವಿನ್ ಕೆಮ್ಮಿದ. ಯಾರ ಸ್ವರವನ್ನಾದರೂ ತೆಗೆಯಬಲ್ಲವನು ಅವನು. ಕ್ಷಮಾ ಅವನನ್ನು ದುರುಗುಟ್ಟಿ ನೋಡಿದಳು.

ಧಾರಾವಾಹಿಗಳ ನಾಯಕ ನಾಯಕಿಯರಿಗೆ ಚಾನೆಲ್‌ನವರೇ ಪ್ರಶಸ್ತಿ ಕೊಡುತ್ತಾರೆ. ಆದ್ದರಿಂದ ವಾಚನಾಲಯದವರು ಡಿಸೆಂಬರಿನಲ್ಲಿ ಸೇರಿ ಪೋಷಕ ನಟರನ್ನು ಮಾತ್ರ ಆರಿಸುವುದು ವಾಡಿಕೆ. ಕರಿಹಲಗೆಯಲ್ಲಿ ಪ್ರತಿ ಸದಸ್ಯರ ಹೆಸರಿನ ಮುಂದೆ ಅವರು ಆರಿಸಿದ ಒಬ್ಬ ನಟ, ಒಂದು ಕಾರಣ. ಕ್ಲೆಟಸನ ಹೆಸರು ಈವರೆಗೆ ಬಂದದ್ದಿಲ್ಲ. ಮಂಗಳೂರಿನ ಶೂಟಿಂಗ್ ಮನೆಗೆ ವಯರಿಂಗಿಗೆ ಹೋದವನಿಗೆ ನಾಮ ಎಳೆದು, ಫೋಟೊ ತೆಗೆದು, ಸತ್ತ ಯಜಮಾನನೆಂದು ಗೋಡೆಗೆ ತೂಗುಹಾಕಿದ್ದರು. ಮುನ್ನೂರು ಕಂತು ಆಯಿತು. ಒಂದು ಮಾತಾದರೂ ಕೊಡಿ ಎಂದು ಕೇಳಿದ್ದಕ್ಕೆ, ಸತ್ತವರಿಗೆ ಡೈಲಾಗ್ ಇಲ್ಲ ಎಂದಿದ್ದರಂತೆ.

"ಟೀವಿಯವರು ಬರುವಾಗ ಬರ್ಲಿ. ನಮಗೊಮ್ಮೆ ಆಕ್ಟಿಂಗ್ ತೋರ್ಸಿ ಅಂಕಲ್," ಎಂದ ಆಲ್ವಿನ್. ಚೀಲದಿಂದ ಪ್ಲಾಸ್ಟಿಕ್ ಸೇವಂತಿಗೆಯ ಮಾಲೆಯೂ ಹೊರಬಂತು.

"ಜೀವ ಇರುವಾಗಲೇ ಮಾಲೆ!" ಶಾಲೆಟ್ ಶಿಲುಬೆಯ ಗುರುತು ಮಾಡಿಕೊಂಡಳು.

ಕ್ಲೆಟಸ್ ಕುರ್ಚಿಯಲ್ಲಿ ಕೂತು ಫ್ರೇಮನ್ನು ಮುಖಕ್ಕೆ ಹಿಡಿದ. ಆಲ್ವಿನ್ ಅದಕ್ಕೆ ಮಾಲೆ ತೂಗುಹಾಕಿ, ನಗಿಸಲು ಶುರುಮಾಡಿದ. ಇಗರ್ಜಿಯ ಫಾದರ್ ಆದ. "ತಲಪಾಡಿ, ತಲಪಾಡಿ! ಎದುರು ಹೋಗಿ ಮಾರಾಯ್ರೆ!" ಎಂದು ಬಸ್ಸಿನ ಕಂಡಕ್ಟರ್ ಆದ. ಜನ ಬಿದ್ದು ಬಿದ್ದು ನಕ್ಕರು. ಫೋಟೊ ನಗಲಿಲ್ಲ. ಹುಮ್ಮಸ್ಸಿನಲ್ಲಿ ಆಲ್ವಿನ್ ಇನ್ನೊಂದು ಸ್ವರ ತೆಗೆದ: "ಅಭಿನಂದನೆಗಳು ಕ್ಲೆಟಸ್ ಸರ್! ಈ ವರ್ಷದ ಅತ್ಯುತ್ತಮ ಪೋಷಕ ನಟ..."

ಶಾಲೆಟ್ ಎದ್ದು ನಿಂತಳು. "ಇದೇ ಸ್ವರ! ಫೋನಲ್ಲಿ ಮಾತಾಡಿದ್ದು ಇದೇ!"

ಕ್ಲೆಟಸನ ಕಿವಿ ಕೆಂಪಾಯಿತು. ಮುಖ ಅಲುಗಲಿಲ್ಲ, ರೆಪ್ಪೆಯೂ.

"ಅಂಕಲ್, ತಮಾಷೆಗೆ ಮಾಡಿದ್ದು."

ಫೋಟೊ ಅವನನ್ನೇ ನೋಡಿತು.

"ಸಾರಿ ಅಂಕಲ್. ನಾಲ್ಕು ಬಯ್ಯಿ ಬೇಕಾದ್ರೆ." ಆಲ್ವಿನ್ ಕುರ್ಚಿಯ ಮುಂದೆ ಮೊಣಕಾಲೂರಿದ. "ಎಂತದಾದ್ರೂ ಮಾತಾಡಿ, ನಿಮ್ಮ ದಮ್ಮಯ್ಯ!" ಆ ಸ್ವರ ಅವನದೇ ಆಗಿತ್ತು. ಊರಿನವರಿಗೆ ಅದರ ಪರಿಚಯ ಕಡಿಮೆ.

ಕ್ಷಮಾ ಕರಿಹಲಗೆಯ ಬಳಿ ಹೋದಳು. ತನ್ನ ಹೆಸರಿನ ಮುಂದೆ ಬರೆದಿದ್ದುದನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣದಿಂದ ನಿಧಾನವಾಗಿ ಬರೆದಳು: 'ಕ್ಲೆಟಸ್. ಕಾರಣ: ಎಂತ ಆದರೂ ಅಲುಗುವುದಿಲ್ಲ.'

ಫೋಟೊದ ಕಣ್ಣುಗಳು ಮಾತ್ರ ಅತ್ತ ಹೊರಳಿದವು. ಓದಿದವು. ಇನ್ನೊಮ್ಮೆ ಓದಿದವು.

ಮೊದಲು ಅಲುಗಿದ್ದು ಕೋಟಿನೊಳಗಿನ ಹೊಟ್ಟೆ. ಆಮೇಲೆ ಫ್ರೇಮು. ಒಳಗಿನಿಂದ ಒಡೆದು ಬಂದ ನಗೆಯಲ್ಲಿ ಉಳಿದವರ ನಗೆಯೆಲ್ಲ ಕೇಳಿಸದೇ ಹೋಯಿತು. ಮಾಲೆ ಜಾರಿ ಆಲ್ವಿನನ ಕೊರಳಿಗೆ ಬಿತ್ತು.