ಹರಿಯದೆ ತಂದ ಬಟ್ಟೆ

ಹನ್ನೊಂದನೆಯ ಸಲವೂ ಕ್ಯಾಮೆರಾ ಅವನನ್ನು ಹಿಡಿದುಹಾಕಿತು.

ಹೆಗಲಿನಿಂದ ಹಿಮ್ಮಡಿಯವರೆಗೆ ಬೂದುಬಣ್ಣದ ಬಟ್ಟೆ ಹೊದ್ದು ಅವನು ಕಂಬದಂತೆ ನಿಂತಿದ್ದ. ಪರದೆಯ ಮೇಲೆ ಅವನ ಸುತ್ತ ಹಳದಿ ಚೌಕವೊಂದು ಮೂಡಿ, ಅದರ ನೆತ್ತಿಯಲ್ಲಿ 'ಮನುಷ್ಯ' ಎಂಬ ಪದ ಮಿನುಗಿತು.

"ಶುಭಾಶಯ," ಎಂದ ಪರದೆಯ ಮುಂದೆ ಕೂತಿದ್ದ ಸಹೋದ್ಯೋಗಿ. ದಪ್ಪ ಕನ್ನಡಕದ ದೆಸೆಯಿಂದ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವನು ಗೂಬೆ. "ನೀನು ಮನುಷ್ಯ ಅಂತ ಯಂತ್ರವಾದರೂ ಒಪ್ಕೊಳ್ತಲ್ಲ. ನಿನ್ನೆ ಮೇಡಂಗೇ ಅನುಮಾನ ಇತ್ತು."

ಅವನು ನಗಲಿಲ್ಲ. ಕೂದಲಿಗಿಂತ ತೆಳುವಾದ ಹರಳುಗಳನ್ನು ದಾರಕ್ಕೆ ಕೂರಿಸಿ, ಆ ದಾರದಿಂದ ಯಂತ್ರದ ಕಣ್ಣಿಗೆ ಅಂಚು ಸಿಗದಂಥ ಬಟ್ಟೆ ನೇಯಿಸುವುದರಲ್ಲಿ ಅವನ ಮೂರು ವರ್ಷ ಕಳೆದಿತ್ತು. ಸಂಜೆಯೊಳಗೆ ಒಂದು ಸಲವಾದರೂ ಕ್ಯಾಮೆರಾ ಸೋಲದಿದ್ದರೆ ಈ ವಿಭಾಗಕ್ಕೆ ಬೀಗ ಎಂದು ಮುಖ್ಯಸ್ಥೆ ತಣ್ಣಗೆ ಹೇಳಿ ಹೋಗಿದ್ದರು.

ಸೋತ ಬಟ್ಟೆಯನ್ನು ಎರಡಾಗಿ ಹರಿದು ನೀಲಿ ಡಬ್ಬಿಗೆ ಹಾಕುವುದು ಅಲ್ಲಿಯ ರೂಢಿ. ಗೂಬೆ ಒಂದು ತುದಿ ಹಿಡಿದ, ಅವನು ಇನ್ನೊಂದು ತುದಿ. ಪರ್ರನೆ ಹರಿಯಿತು. ನಿನ್ನೆಯ ತುಂಡೊಂದನ್ನು ಮಾತ್ರ ಅವನು ಹರಿದಿರಲಿಲ್ಲ. ಕೈಗೆ ಮೆತ್ತಗಿತ್ತು. ಚಳಿ ಚಳಿ ಎನ್ನುತ್ತಿದ್ದ ಅಕ್ಕನ ನೆನಪಾಗಿ ಚೀಲದೊಳಗೆ ತುರುಕಿಕೊಂಡು ಹೋಗಿ, ಅವಳ ಕುರ್ಚಿಯ ಕೈಮೇಲೆ ಇಟ್ಟು ಬಂದಿದ್ದ. ಹೊದಿಸಿರಲಿಲ್ಲ.

ಆರು ವರ್ಷದ ತಬ್ಬಲಿಯಾಗಿದ್ದ ಅವನನ್ನು ಎತ್ತಿ ಸಾಕಿದ ಅಕ್ಕ. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಕೋಲು ಅವಳ ಕೈಗೆ ಬಂತು, ಕ್ಯಾಮೆರಾ ಮನೆಯ ಗೋಡೆಗೆ ಬಂತು. ಅವಳದೊಂದು ಷರತ್ತಿತ್ತು. "ನನ್ನ ಮುಖ ನಿನ್ನ ಫೋನಲ್ಲಿ ಬರಕೂಡದು. ನಾನೇನು ಟೀವೀನಾ?" ಹಾಗಾಗಿ ಆ ಯಂತ್ರ ಕಳಿಸುತ್ತಿದ್ದುದು ಬರೀ ಗೆರೆಯ ಚಿತ್ರ: ಕುರ್ಚಿ, ಮೇಜು, ಬಾಗಿಲು, ಆರು ಗೆರೆಗಳ ಅಕ್ಕ. ಆ ಆರು ಗೆರೆ ನೆಲದ ಮಟ್ಟಕ್ಕಿಳಿದು ಹತ್ತು ಎಣಿಸುವಷ್ಟು ಹೊತ್ತು ಅಲ್ಲೇ ಉಳಿದರೆ ಫೋನು ಕಿರುಚಿಕೊಳ್ಳಬೇಕು.

ಈ ಏರ್ಪಾಡು ಅವಳಿಗಿಂತ ಅವನಿಗೇ ಒಗ್ಗಿತು. ಬರಬರುತ್ತ ಆರು ಗೆರೆಯೇ ಅಕ್ಕನಾದಳು. ನಿಜದ ಅಕ್ಕನ ತಲೆ ಪೂರ್ತಿ ಬೆಳ್ಳಗಾದದ್ದು ಅವನಿಗೆ ತಿಳಿದದ್ದು ಬಾಚಣಿಗೆಗೆ ಸಿಕ್ಕ ಕೂದಲಿನಿಂದ.

ಬಿಡುವಿನಲ್ಲಿ ಚಹಾದ ಲೋಟ ಹಿಡಿದು ಕಿಟಕಿಯ ಬಳಿ ನಿಂತು, ಅಭ್ಯಾಸಬಲದಿಂದ ಫೋನು ತೆಗೆದ. ಕುರ್ಚಿ. ಮೇಜು. ಬಾಗಿಲು. ಅಷ್ಟೇ. ಕೆಳಗೊಂದು ಸಾಲು: 'ಮನೆಯಲ್ಲಿ ಯಾರೂ ಇಲ್ಲ.'

 ಫೋನಿನ ಗುಂಡಿ ಒತ್ತಿ ಕ್ಯಾಮೆರಾದ ಬಾಯಿಂದಲೇ ಕೂಗಿದ.

"ಅಕ್ಕಾ?"

"ಏನೋ?"

ಖಾಲಿ ಕುರ್ಚಿ ಉತ್ತರ ಕೊಟ್ಟಿತು.

"ಎಲ್ಲಿದ್ದೀಯ?"

"ಕುಣಿಯೋಕೆ ಹೋಗಿದ್ದೆ. ಎಲ್ಲಿರ್ತೀನಪ್ಪ, ಕುರ್ಚೀಲೇ ಇದ್ದೀನಿ. ನೀನು ತಂದಿಟ್ಟಿದ್ದನ್ನ ತಲೇವರೆಗೂ ಎಳ್ಕೊಂಡಿದ್ದೀನಿ. ಬೆಚ್ಚಗಿದೆ ಕಣೋ."

ನಿನ್ನೆ ಅವನು ಅದನ್ನು ಹೆಗಲವರೆಗಷ್ಟೇ ಹೊದ್ದಿದ್ದ, ತಲೆ ಮುಚ್ಚಿರಲಿಲ್ಲ. ಅವನ ತೋಳಿನ ರೋಮಗಳೆಲ್ಲ ನಿಂತವು. ಅದು ಭಯವಲ್ಲ, ಸಂತೋಷ ಎಂಬುದು ಅವನಿಗೆ ಆಮೇಲೆ, ದಾರಿಯಲ್ಲಿ ತಿಳಿಯಿತು.

ಚಿಕ್ಕಂದಿನಲ್ಲಿ ಅವಳೊಂದು ಕತೆ ಹೇಳುತ್ತಿದ್ದಳು. ಒಬ್ಬನಿಗೆ ಮಾಯದ ಕಂಬಳಿ ಸಿಕ್ಕಿತಂತೆ. ಹೊದ್ದರೆ ಯಾರಿಗೂ ಕಾಣ. ಊರೆಲ್ಲ ತಿರುಗಿ, ಕಂಡವರ ಮನೆಯಲ್ಲಿ ಉಂಡು, ಕೊನೆಗೆ ತನ್ನ ಮನೆಗೆ ಬಂದನಂತೆ. ತಾಯಿ ತಲೆ ಎಣಿಸಿ ತಟ್ಟೆ ಇಟ್ಟಳು, ಅವನಿಗೆ ತಟ್ಟೆಯಿಲ್ಲ. ಕಂಬಳಿ ತೆಗೆಯಹೋದರೆ ಅದು ಚರ್ಮವಾಗಿತ್ತಂತೆ. "ಆಮೇಲೆ?" ಎಂದು ಅವನು ಕೇಳುವನು. "ಆಮೇಲೇನು, ಇನ್ನೂ ಹೊಸಿಲಲ್ಲೇ ನಿಂತಿದಾನೆ. ಮಲಕ್ಕೋ."

ಕೂತಲ್ಲೇ ಕಾಣದಿದ್ದರೆ ಸಾಲದು. ನಿಲ್ಲಬೇಕು, ನಡೆಯಬೇಕು, ತಿರುಗಬೇಕು. ಪರೀಕ್ಷೆಯ ನಿಯಮಗಳನ್ನು ಬರೆದವನೇ ಅವನು.

"ಅಕ್ಕಾ, ಸ್ವಲ್ಪ ಎದ್ದು ನಿಲ್ತೀಯಾ?"

"ಯಾಕೋ?"

"ಸುಮ್ನೆ."

"ಸುಮ್ನೆ ಎದ್ದು ನಿಲ್ಲೋಕೆ ನಾನೇನು ಶಾಲೆ ಹುಡುಗೀನಾ?" ಕುರ್ಚಿ ಕಿರ್ರೆಂದಿತು. "ಹೂಂ, ಎದ್ದೆ. ಮೇಷ್ಟ್ರೇ, ಮುಂದೆ?"

ಚಿತ್ರ ಕದಲಲಿಲ್ಲ. ಅಂಗೈಮೇಲೆ ವೇಳೆ ಬರೆದುಕೊಂಡ.

"ಬಾಗಿಲವರೆಗೆ ನಡಿ."

"ಕೋಲು ಹಿಡಿದರೆ ಬಟ್ಟೆ ಜಾರತ್ತೆ."

ಅಂಗೈಮೇಲೆ ಬರೆದ ವೇಳೆಯನ್ನು ಅವನು ಮತ್ತೊಮ್ಮೆ ನೋಡಿಕೊಂಡ. ಅಷ್ಟು ಹೊತ್ತಿನಲ್ಲಿ ಬೇರೆ ಮಾತು ಹೇಳಬಹುದಿತ್ತು.

"ಕೋಲು ಬೇಡ. ಎರಡೂ ಕೈಲಿ ಬಟ್ಟೆ ಹಿಡ್ಕೋ. ನಾನು ನೋಡ್ತಾ ಇದ್ದೀನಲ್ಲ."

ಚಪ್ಪಲಿಯ ಸದ್ದು. ಒಂದು. ಎರಡು. ಮೂರನೆಯದು ಅರ್ಧಕ್ಕೇ ನಿಂತಿತು. ಆಮೇಲೆ ಭಾರವಾದದ್ದೇನೋ ಬಿದ್ದ ಸದ್ದು.

ಕುರ್ಚಿ. ಮೇಜು. ಬಾಗಿಲು.

"ಅಕ್ಕಾ?"

ಫೋನು ಕಿರುಚಲಿಲ್ಲ. 'ಮನೆಯಲ್ಲಿ ಯಾರೂ ಇಲ್ಲ.'

ಹಿಂದಿನಿಂದ ಗೂಬೆ ಬಂದ. "ಮೇಡಂ ಕೇಳ್ತಿದಾರೆ. ಏನಾದ್ರೂ ಆಯ್ತಾ?"

"ಆಯ್ತು."

"ಏನು?"

"ನಿನ್ನೆಯ ತುಂಡು. ನಡೆದರೂ ಕಾಣಲಿಲ್ಲ."

ಗೂಬೆ ಅವನನ್ನು ತಬ್ಬಿಕೊಂಡು ಎತ್ತಿಯೇಬಿಟ್ಟ. ಅಪ್ಪುಗೆ ಬಿಡಿಸಿಕೊಂಡು ಮೆಟ್ಟಿಲಿಳಿಯುವಾಗ ಮೇಲಿನಿಂದ ಚಪ್ಪಾಳೆ ಕೇಳಿಸಿತು.

ಟ್ಯಾಕ್ಸಿಯಿಂದ ಆಂಬುಲೆನ್ಸಿಗೆ ಕರೆಮಾಡಿದ.

"ಬಿದ್ದದ್ದನ್ನ ನೀವು ನೋಡಿದ್ರಾ?"

"ಇಲ್ಲ."

"ಮನೇಲಿ ಬೇರೆ ಯಾರಿದಾರೆ?"

"ಯಾರೂ ಇಲ್ಲ."

"ಅಕ್ಕಪಕ್ಕದವರು?"

ಪಕ್ಕದ ಮನೆಯವರ ನಂಬರು ಅವನಲ್ಲಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಕ್ಯಾಮೆರಾ ಬಂದ ಮೇಲೆ ಅದೆಲ್ಲ ಬೇಕಾಗಿರಲಿಲ್ಲ. ಗಾಡಿ ಹೊರಟಿದೆ ಎಂದರು. ಅವನು ದಾರಿಯುದ್ದಕ್ಕೂ ಖಾಲಿ ಚಿತ್ರವನ್ನು ಕೂಗುತ್ತ ಬಂದ. ಚಾಲಕ ಕನ್ನಡಿಯಲ್ಲಿ ಒಮ್ಮೆ ನೋಡಿ, ಕನ್ನಡಿಯನ್ನೇ ತಿರುಗಿಸಿಕೊಂಡ.

ಬಾಗಿಲು ತೆರೆದು ಹೊಸಿಲಲ್ಲಿ ನಿಂತ. ಆಂಬುಲೆನ್ಸು ಇನ್ನೂ ಬಂದಿರಲಿಲ್ಲ.

ಕೋಲು ಕುರ್ಚಿಗೆ ಒರಗಿಯೇ ಇತ್ತು. ಮೂರು ಹೆಜ್ಜೆಯ ದೂರದಲ್ಲಿ ನೆಲದ ಮೇಲೆ ಬೂದುಬಣ್ಣದ ಗುಪ್ಪೆ. ಅದರಿಂದ ಹೊರಗೆ ಬಿದ್ದ ಒಂದು ಚಪ್ಪಲಿ. ಗುಪ್ಪೆ ಏರಿಳಿಯುತ್ತಿದೆಯೇ ಎಂದು ದಿಟ್ಟಿಸಿದ. ಮಡಿಕೆಗಳ ಅಂಚು ಕಣ್ಣಿಗೆ ನಿಲ್ಲಲೊಲ್ಲದು. ಅದನ್ನು ಹಾಗೆ ನೇಯಿಸಿದವನು ಅವನೇ.

ಫೋನು ನೋಡಿದ. ಚಿತ್ರದ ಬಾಗಿಲಲ್ಲಿ ಆರು ಗೆರೆ ನಿಂತಿದ್ದವು. ಕ್ಷಣಕಾಲ, ಅಕ್ಕ ಎದ್ದಳೆಂದುಕೊಂಡ. ಅವನು ಕಾಲೆತ್ತಿದ, ಗೆರೆಯೂ ಎತ್ತಿತು.

"ಅಕ್ಕಾ."

ಮಂಡಿಯೂರಿ ಬಗ್ಗಿದ. ಕೈ ಬಟ್ಟೆಯ ಅಂಚನ್ನು ಮುಟ್ಟಿತು. ಬೆಚ್ಚಗಿತ್ತು. ಈ ಬಟ್ಟೆ ಒಳಗಿನ ಶಾಖವನ್ನು ಬಹಳ ಹೊತ್ತು ಬಿಟ್ಟುಕೊಡುವುದಿಲ್ಲವೆಂದು ಅವನೇ ವರದಿಯಲ್ಲಿ ಬರೆದಿದ್ದ. ಎತ್ತಬೇಕು. ಹತ್ತು ಎಣಿಸುವಷ್ಟು ಹೊತ್ತು ಬೆರಳು ಮಡಿಸಲಾಗಲಿಲ್ಲ.

ಫೋನು ಕಿರುಚಿಕೊಂಡಿತು. ಗೋಡೆಯ ಕ್ಯಾಮೆರಾದ ಹಸಿರು ದೀಪ ಕೆಂಪಾಯಿತು. 'ಮನೆಯಲ್ಲಿ ಒಬ್ಬರು ಬಿದ್ದಿದ್ದಾರೆ. ಸಹಾಯ ಬೇಕೇ?'

ಪರದೆಯ ಮೇಲೆ ಆರು ಗೆರೆ ಕುಗ್ಗಿ, ಒಂದು ಗೆರೆಯನ್ನು ಮುಂದೆ ಚಾಚಿ, ಬರಿಯ ನೆಲವನ್ನು ಹಿಡಿದುಕೊಂಡಿದ್ದವು.